ಎದೂವಿನಾಳ ಮನೆ ಗುಡ್ಡ ಹತ್ತಿದ ದಿನ

ಬೆಳಗ್ಗೆ ಏಳು ಗಂಟೆ. ಮನೆ ಎಳೆಯಲು ಬಂದದ್ದು ಎರಡೇ ಜೋಡಿ ಎತ್ತು.

ಕಡಿಮೆಯೆಂದರೂ ಎಂಟು ಜೋಡಿ ಬೇಕಿತ್ತು. ಕಡಲಂಚಿನ ಮರದ ಮನೆಯನ್ನು ಬುಡದಿಂದ ಬಿಡಿಸಿ ದಿಮ್ಮಿಗಳ ಮೇಲೆ ಕೂರಿಸಿ ಆಗಿತ್ತು. ಗುಡ್ಡ ಹತ್ತಿಸಿ ಬಸ್ಸು ನಿಲ್ಲುವ ರಸ್ತೆಗೆ ತಂದರೆ ಅದೇ ಎದೂವಿನಾಳ ಹೋಟೆಲು. ನಾಳೆಯಿಂದ ಚಿಲಿ ದೇಶದ ಈ ಚಿಲೋಎ ದ್ವೀಪದಲ್ಲೆಲ್ಲ ಆಲೂಗಡ್ಡೆ ಅಗೆಯುವ ಕೆಲಸ. ಎತ್ತುಗಳಿಗೆ ಮತ್ತೆ ಬಿಡುವು ಸಿಗುವುದು ಚಳಿಗಾಲ ಕಳೆದ ಮೇಲೆ. ಅಲ್ಲಿಯವರೆಗೆ ದಿಮ್ಮಿಯ ಮೇಲೇ ನಿಂತರೆ ಮಳೆಗಾಳಿಗೆ ಮನೆ ಉಳಿಯುವುದಿಲ್ಲ.

ಎದೂವಿನಾಳ ಅಕ್ಕನ ಮಗಳು ನಾಯಾದೆ ರೆಕಾರ್ಡರ್ ಹಿಡಿದು ಬೇಲಿಯ ಪಕ್ಕ ನಿಂತಿದ್ದಳು. ಹೊಸದಾಗಿ ಉದ್ಯಮಕ್ಕೆ ಇಳಿಯುವವರಿಗೆ ಊರು ಹೇಗೆ ಹೆಗಲು ಕೊಡುತ್ತದೆ ಎಂಬುದು ಅವಳ ಪಿಎಚ್‌ಡಿ ವಿಷಯ. ನೋಡು, ಬರೆ, ಕೈ ಹಾಕಬೇಡ ಎಂದು ಸಾಂತಿಯಾಗೊದ ಮಾರ್ಗದರ್ಶಕರು ಹೇಳಿ ಕಳಿಸಿದ್ದರು.

"ಏನವ್ವಾ ಡಾಕ್ಟ್ರಮ್ಮ, ನಿನ್ನ ಊರು ಇನ್ನೂ ಎದ್ದೇ ಇಲ್ವಲ್ಲ!" ಎತ್ತಿನ ಮುಂದೆ ನಿಂತಿದ್ದ ಮುದುಕ ಬೆಲಿಸಾರಿಯೊ ನಕ್ಕ.

ನಾಯಾದೆ ಎದೂವಿನಾಳತ್ತ ತಿರುಗಿದಳು. "ಚಿಕ್ಕಮ್ಮ, ನೀನು ಎಲ್ಲರನ್ನೂ ಕರೆದಿದ್ದೆ ತಾನೆ?"

"ಹೂಂ ಕಣೇ, ವಾಟ್ಸಾಪ್‌ನಲ್ಲಿ ಹಾಕಿದ್ದೆ. ಹಂದಿಮಾಂಸ, ಸೇಬಿನ ಹೆಂಡ ಎಲ್ಲಾ ಇದೆ ಅಂತಾನೂ ಬರೆದಿದ್ದೆ."

"ಮನೆಗೆ ಹೋಗಿ ಕೇಳ್ಲಿಲ್ವಾ?"

"ನಾನೀಗ ವ್ಯಾಪಾರಸ್ಥೆ. ಬಾಗಿಲು ಬಾಗಿಲಿಗೆ ಹೋಗಿ ನಿಂತ್ರೆ ಚೆನ್ನಾಗಿರುತ್ತಾ?"

"ಕರೆದದ್ದು ಫೋನು. ಫೋನೇ ಹಗ್ಗ ಎಳೀಲಿ ಬಿಡು," ಎಂದ ಬೆಲಿಸಾರಿಯೊ.

ಮನೆ ಎಳೆಸುವವರು ಪ್ರತಿ ಮನೆಗೂ ಹೋಗಿ, ಒಲೆಯ ಪಕ್ಕ ಕೂತು, ಕೊಟ್ಟದ್ದನ್ನು ಕುಡಿದು, ಬಾಯಿಬಿಟ್ಟು ಕೇಳಬೇಕು, ಅದು ಊರ ರೂಢಿ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹಾಗೆ ಹೋಗಿದ್ದವಳು ನಾಯಾದೆ. ಅವಳು ರೆಕಾರ್ಡರ್ ಆಫ್ ಮಾಡಿ ಜೇಬಿಗಿಟ್ಟಳು.

"ನಡಿ ಚಿಕ್ಕಮ್ಮ."

"ನಿಮ್ಮ ಮೇಷ್ಟ್ರು ಬೈಯಲ್ವೇನೇ?"

"ಬೈಲಿ."

ಮೊದಲ ಬಾಗಿಲು ಒರ್ತೆನ್ಸಿಯಾಳದು. "ಓಹೋ, ಹೋಟೆಲ್ ಓನರ್ರು! ನಮ್ಮನೆ ದಾರಿ ಮರೆತಿಲ್ವಾ?"

ಎದೂವಿನಾ ಒಲೆಯ ಪಕ್ಕ ಕೂತಳು. ಕೊಟ್ಟದ್ದನ್ನು ಕುಡಿದಳು. "ತಪ್ಪಾಯ್ತಕ್ಕ. ನನ್ನ ಮನೆ ರಸ್ತೆಗೆ ಏರ್ಬೇಕು. ನಿಮ್ಮ ಎತ್ತಿಲ್ಲದೆ ಆಗಲ್ಲ."

"ಅಷ್ಟು ಹೇಳೋಕೆ ಇಷ್ಟು ಹೊತ್ತಾ? ಬೆಳಗಿಂದ ಬೂಟು ಹಾಕ್ಕೊಂಡು ಕೂತಿದೀವಿ!" ಒರ್ತೆನ್ಸಿಯಾ ಒಳಗೆ ಕೂಗಿದಳು, "ಏಳ್ರೋ, ನೊಗ ತೆಗೀರಿ!"

ಹೀಗೆ ಮನೆಮನೆ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಜೋಡಿ ಎತ್ತು ಸೇರಿದವು. ಅರ್ಧ ಗುಡ್ಡದಲ್ಲಿ ಮನೆ ಕೆಸರಿಗೆ ಸಿಕ್ಕಿ ನಿಂತಿತು. "ಡಾಕ್ಟ್ರಮ್ಮ, ಹಗ್ಗ!" ಎಂದು ಬೆಲಿಸಾರಿಯೊ ಕೂಗುವ ಮೊದಲೇ ನಾಯಾದೆ ಹಗ್ಗ ಹಿಡಿದಿದ್ದಳು. ಅಂಗೈ ಚರ್ಮ ಕಿತ್ತು ಬಂತು, ಮನೆ ಅಲುಗಿತು. ಕಿಟಕಿಯ ಪರದೆಗಳನ್ನೂ ಬಿಚ್ಚದ ಮನೆ, ಹಿಂದೆ ಮುಂದೆ ಊರನ್ನೆಲ್ಲ ಕಟ್ಟಿಕೊಂಡು ರಸ್ತೆ ಮುಟ್ಟಿತು.

ದಾರಿ ಸಿಗದೆ ನಿಂತ ಬಸ್ಸಿನ ಡ್ರೈವರ್ ತಲೆ ಹೊರಹಾಕಿದ. "ಯಾರದಮ್ಮಾ ಮನೆ?"

"ನನ್ನದು," ಎಂದಳು ಎದೂವಿನಾ, ಕೆಸರುಗೈಯನ್ನು ಸೊಂಟಕ್ಕಿಟ್ಟು. "ತಂದೋರು ಇವರೆಲ್ಲ. ನಾನೇ ಹೋಗಿ ಕೇಳಿದ್ದು."

ಸಂಶೋಧಕಿಯೂ ಹಗ್ಗ ಎಳೆದಳು ಎಂದು ನಾಯಾದೆ ಪ್ರಬಂಧದಲ್ಲಿ ಬರೆದಳು. ಆ ಸಾಲು ತೆಗೆಯಿರಿ ಎಂದರು ಮಾರ್ಗದರ್ಶಕರು. ಅವಳು ತೆಗೆಯಲಿಲ್ಲ. ಹೋಟೆಲಂತೂ ಮನೆ ಗುಡ್ಡ ಹತ್ತಿದ ಮರು ಸೋಮವಾರವೇ ತೆರೆದಿತ್ತು.