ಅಡುಗೆಮನೆ ಕಡೆಯ ಬಾಗಿಲು

ನಮ್ಮ ಮೇಸ್ತ್ರಿಗೆ ಗೊತ್ತಿದ್ದ ಒಂದೇ ದಿನ ನಾಳೆ. ಶೆಡ್ಡಿಗೆ ಪಾಯ ಹಾಕಿ ಮಾಯವಾದವನು ಅವನು. ಇಟ್ಟಿಗೆ ಬಂದರೆ ಮರಳು ಬರಲಿಲ್ಲ. ಮರಳು ಬಂದಾಗ ಅವನ ನಾದಿನಿಗೆ ಮದುವೆ. ಮದುವೆ ಮುಗಿಯಿತು ಎನ್ನುವಷ್ಟರಲ್ಲಿ ಅವನಿಗೇ ಸೊಂಟ ಹಿಡಿಯಿತು. ಕರೆಂಟಿನ ಕಂಬ ನೆಡುವವರು ಮೂರು ಸಲ ಬಂದು ಜಾಗ ನೋಡಿಕೊಂಡು ಹೋದರು. ಐದು ತಿಂಗಳಾದರೂ ನಮ್ಮ ಮನೆಯ ಹಿಂದಿನ ಹೊಲದಲ್ಲಿ ಇದ್ದದ್ದು ಅದೇ ಪಾಯ, ಅದರ ಸುತ್ತ ಕಟ್ಟಿದ ದಾರ.

ನಮ್ಮ ಯಜಮಾನರು ಕುರ್ಚಿ ಮಾಡುವವರು. ಅವರ ಕಣ್ಣು ಅಂಚಿನಿಂದ ಒಳಕ್ಕೆ ಮಂಕಾಗುತ್ತ ಬಂದಿತ್ತು. ವರ್ಷದೊಳಗೆ ಏನೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಪೇಟೆಯ ಅಂಗಡಿಗೆ ಬಸ್ಸು ಹತ್ತಿ ಹೋಗುವುದು ಇನ್ನು ಆಗದ ಮಾತು. ಮನೆಯ ಹಿಂದೆಯೇ ಶೆಡ್ಡಾಗಿ, ಕಣ್ಣಿರುವಾಗಲೇ ಕಾಲಿಗೆ ರೂಢಿಯಾದರೆ, ಆಮೇಲೂ ಕೆಲಸ ಮಾಡಬಲ್ಲೆ ಎಂಬುದು ಅವರ ಲೆಕ್ಕ. ಅದಕ್ಕೇ ಮೇಸ್ತ್ರಿಯ ಒಂದೊಂದು ನಾಳೆಯೂ ನನ್ನ ಹೊಟ್ಟೆ ಉರಿಸುತ್ತಿತ್ತು.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೀನಿ ಕಣ್ರೀ," ಎಂದೆ ಒಂದು ದಿನ.

"ಹಾಗಾದ್ರೆ ನನ್ನ ಕಣ್ಣಿಗೂ ಎರಡು ಹನಿ ಬಿಡೇ," ಎಂದರು. ನಗು ಬಂತು, ಹಿಂದೆಯೇ ಅಳುವೂ ಬಂತು.

ಅವರು ಮಾತ್ರ ಕೈಕಟ್ಟಿ ಕೂರಲಿಲ್ಲ. ದಾರದೊಳಗೆ ಮೇಜು ಬರುವಲ್ಲಿ ಚಪ್ಪಡಿ ಕಲ್ಲು, ಉಳಿಗಳ ಕಪಾಟಿನ ಜಾಗದಲ್ಲಿ ಹಳೇ ಡಬ್ಬ ಇಟ್ಟು, ದಿನಾ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ನಡೆದರು. ಅಡುಗೆಮನೆಯಿಂದ ಹನ್ನೆರಡು ಹೆಜ್ಜೆಗೆ ಶೆಡ್ಡಿನ ಬಾಗಿಲು. ಒಳಗೆ ಎಡಕ್ಕೆ ನಾಲ್ಕು ಹೆಜ್ಜೆಗೆ ಮೇಜು. ಮೊದಮೊದಲು ಮೊಣಕಾಲು ತರಚಿಕೊಂಡರು. ಐದನೇ ತಿಂಗಳಿಗೆ ಅದು ನೀರು ಕುಡಿದಷ್ಟು ಸಲೀಸಾಯಿತು.

ಆಗ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿ ಮೂರು ದಿನ ಉಳಿದೆವು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಕೆಲವೇ ವಾರ ಎಂದರು. ವಾಪಸು ಬಂದು ನೋಡಿದರೆ, ಐದು ತಿಂಗಳು ಏಳದ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು. ಬಾಗಿಲು ಬಿಟ್ಟಿದ್ದು ಆಚೆ ಬದಿಗೆ, ರಸ್ತೆಯ ಕಡೆಗೆ.

"ಮರ ಇಳಿಸೋಕೆ ಸಲೀಸು ಅಂತ ಅಕ್ಕಾ. ಶೆಡ್ಡಿನ ಬಾಗಿಲು ಯಾರಾದ್ರೂ ಅಡುಗೆಮನೆ ಕಡೆಗೆ ಇಡ್ತಾರಾ?" ಎಂದ ಮೇಸ್ತ್ರಿ, ದೊಡ್ಡ ಉಪಕಾರ ಮಾಡಿದವನಂತೆ.

ನಮ್ಮವರು ಹನ್ನೆರಡು ಹೆಜ್ಜೆ ನಡೆದು, ಗೋಡೆಗೆ ಅಂಗೈ ತಾಗಿಸಿ ನಿಂತರು. ಆಮೇಲೆ ಗೋಡೆ ತಡವುತ್ತ ಸುತ್ತಿ ಬಂದು, ರಸ್ತೆಯ ಕಡೆಯಿಂದ ಒಳಗೆ ಹೋದರು. ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿದರು. ಕೈಗೆ ಏನೂ ಸಿಗಲಿಲ್ಲ; ಈ ಬಾಗಿಲಿನಿಂದ ಬಂದರೆ ಮೇಜಿನ ಜಾಗ ಬಲಕ್ಕಿತ್ತು.

"ಇರ್ಲಿ ಬಿಡೇ. ಇನ್ನೂ ತಡ ಆಗೋದು ಬೇಡ. ಹೊಸದಾಗಿ ಕಲೀತೀನಿ."

ಯಾವ ಕಣ್ಣಿನಲ್ಲಿ ಕಲಿಯುವುದು? ನನಗೆ ತಡೆಯಲಾಗಲಿಲ್ಲ.

"ಒಡಿ ಇದನ್ನ," ಎಂದೆ ಮೇಸ್ತ್ರಿಗೆ.

"ಅಕ್ಕಾ, ಇನ್ನೊಂದು ತಿಂಗಳು ತಡ ಆಗುತ್ತೆ."

"ಎರಡು ತಿಂಗಳಾಗ್ಲಿ. ಅವರ ಕಾಲಿಗೆ ಗೊತ್ತಿರೋ ಕಡೆಗೇ ಬಾಗಿಲು ಬರ್ಬೇಕು."

ತಡ ಮಾಡಿದ್ದಕ್ಕೆ ಐದು ತಿಂಗಳು ನನ್ನಿಂದ ಬೈಸಿಕೊಂಡವನು, ತಡವಾಗಲಿ ಎಂದಾಗ ಬಾಯಿ ಬಿಟ್ಟುಕೊಂಡು ನಿಂತ.

ಎರಡೂವರೆ ತಿಂಗಳೇ ಆಯಿತು. ಅಷ್ಟರಲ್ಲಿ ಇನ್ನೊಂದು ಕಣ್ಣೂ ಹೋಗಿತ್ತು. ಕರೆಂಟು ಬಂದ ಮಾರನೇ ಬೆಳಿಗ್ಗೆ ಅವರು ಅಡುಗೆಮನೆಯಿಂದ ಹನ್ನೆರಡು ಹೆಜ್ಜೆ ನಡೆದು ಶೆಡ್ಡಿನೊಳಗೆ ಹೋದರು. ಎಡಕ್ಕೆ ನಾಲ್ಕು. ಕೈ ಮೇಜಿನ ಮೇಲೆ ಕೂತಿತು, ಅಲ್ಲಿಂದ ನೇರ ಮರ ನಯಮಾಡುವ ಹತ್ತರಿಯ ಹಿಡಿಗೆ ಹೋಯಿತು. ನಾನು ಬಾಗಿಲಲ್ಲೇ ನಿಂತು ಸ್ವಿಚ್ಚು ಒತ್ತಿದೆ. ಆ ಸದ್ದು ಅವರಿಗೆ ಕೇಳಿಸಿತು.

"ಲೈಟ್ ಯಾಕೆ ಹಾಕ್ದೆ? ಇಲ್ಲಿ ಯಾರಿಗೆ ಬೇಕು ಅದು?"

"ನನಗೆ ಬೇಕು. ನೀವು ಕೆಲಸ ಮಾಡೋದು ನೋಡ್ಬೇಕು."

"ಹಾಗಾದ್ರೆ ಬಾಗಿಲಲ್ಲಿ ಯಾಕೆ ನಿಂತೆ? ಎಡಕ್ಕೆ ನಾಲ್ಕು ಹೆಜ್ಜೆ," ಎಂದರು. "ನೋಡ್ಕೊಂಡು ಬಾ."