ತೊಟ್ಟಿಗೆ ಕಿವಿಯಿಟ್ಟವಳು

ತಂಗಿ ತನ್ನಕ್ಕನ ರಬ್ಬರ್ ಬೂಟುಗಳಿಗೆ ಮೂರನೇ ಸಲ ಸೋಪು ಹಾಕಿ ತಿಕ್ಕುತ್ತಿದ್ದಳು. ಒಳಕೋಣೆಯಲ್ಲಿ ಅಕ್ಕನ ಹೆಣ ಮಲಗಿಸಿದ್ದರು. ಹತ್ತು ಗಂಟೆಗೆ ಸ್ಮಶಾನಕ್ಕೊಯ್ಯುವ ವ್ಯಾನು ಬರಬೇಕು.

“ಬಿಡು ಚಿಕ್ಕಮ್ಮ, ಎಷ್ಟು ತಿಕ್ಕಿದ್ರೂ ಆ ವಾಸನೆ ಹೋಗಲ್ಲ,” ಎಂದಳು ಸತ್ತವಳ ಮಗಳು.

“ಸುಮ್ನೆ ಕೂರೋಕಾಗಲ್ಲ ಕಣೇ.”

ಫ್ಯಾಕ್ಟರಿಯ ಹೆಂಗಸರು ಪಾಳಿ ಬದಲಾಯಿಸಿಕೊಂಡು ಬಂದಿದ್ದರು. ಸಿಗಡಿ, ಏಡಿಗಳ ಚಿಪ್ಪನ್ನು ಆಸಿಡ್‌ನಲ್ಲಿ ನೆನೆಸಿ ಸುಣ್ಣ ಕಳೆಯುವುದು, ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅಂಟಿದ ಮಾಂಸ ಕಳೆಯುವುದು ಅವರ ಕೆಲಸ. ಕೊನೆಗೆ ಉಳಿಯುವ ಬಿಳಿ ಚೂರಿನಿಂದ ಆಸ್ಪತ್ರೆಗಳಿಗೆ ಗಾಯದ ಪಟ್ಟಿ ಆಗುತ್ತಿತ್ತು.

“ಕಿವಿಯಕ್ಕ ಹೋದ್ಲು. ಇನ್ನು ಆಸಿಡ್ ತೊಟ್ಟಿ ಸದ್ದು ಕೇಳೋರು ಯಾರು?” ಎಂದಳು ತೂಕ ಮಾಡುವವಳು.

“ಆಸಿಡ್ ಅಳೆಯೋ ಮೀಟರ್ ತರಿಸ್ತಾರಂತೆ,” ಎಂದಳು ಇನ್ನೊಬ್ಬಳು.

“ತರಿಸ್ತಾರೆ, ನಮ್ಮ ಮೊಮ್ಮಕ್ಕಳ ಮದುವೆ ಹೊತ್ತಿಗೆ!”

ನಗು ಬಂದುಬಿಟ್ಟಿತಲ್ಲ ಎಂದು ಎಲ್ಲರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಸೋಮವಾರದಿಂದ ನನ್ನನ್ನೇ ಹಾಕ್ತಾರಂತೆ,” ಮಗಳು ಬೂಟಿನೊಳಗೆ ಕಾಲು ತೂರಿಸಿ ನೋಡಿದಳು. “ಅಮ್ಮ ಕಿವಿ ಇಡೋದು ಕಲಿಸಿದಾಳಲ್ಲ. ನೋಡು, ಅಳತೆ ಸರಿಯಾಗಿದೆ.”

ತಂಗಿಯ ಕೈಯಿಂದ ಬ್ರಷ್ಷು ಜಾರಿತು.

*

ಆಸಿಡ್ ಬಿದ್ದ ಚಿಪ್ಪು ನೊರೆಯುಕ್ಕಿಸಿ ಸೊರ್ರೆನ್ನುತ್ತದೆ. ಸುಣ್ಣವೆಲ್ಲ ಕರಗಿದಾಗ ಸದ್ದು ನಿಲ್ಲುತ್ತದೆ. ಮೊದಲೇ ತೆಗೆದರೆ ಚಿಪ್ಪು ಗಟ್ಟಿ, ತಡವಾದರೆ ಸರಕು ಹಾಳು. ಆ ಗಳಿಗೆ ಹಿಡಿಯಲು ಅಕ್ಕ ತೊಟ್ಟಿಯ ಅಂಚಿಗೆ ಬಾಗಿ ಕಿವಿಗೊಡುತ್ತಿದ್ದಳು. ಹೊಗೆಯೆಳೆಯುವ ಫ್ಯಾನಿನ ಗಲಾಟೆಯಲ್ಲಿ ಏನೂ ಕೇಳಿಸದು. ಹಾಗಾಗಿ ಅವಳೇ ಅದನ್ನು ಆರಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಕೆಮ್ಮಿನಲ್ಲಿ ರಕ್ತ ಬಂದಾಗ, ಅಕ್ಕ ಕಾರ್ಖಾನೆಗಳ ತನಿಖಾಧಿಕಾರಿಗೆ ಕಾಗದ ಬರೆದಳು. “ಫ್ಯಾನು ಆರಿಸಿದ್ದು ನಾನೇ. ಆರಿಸದೆ ಕೆಲಸ ಸಾಗದ ಹಾಗೆ ಇಟ್ಟವರು ಮಾಲೀಕರು. ನನ್ನ ಜಾಗಕ್ಕೆ ಬರುವವಳಿಗಾದರೂ ಮೀಟರ್ ಕೊಡಿಸಿ.”

ಅಂಚೆಗೆ ಹಾಕಲು ತಂಗಿಯ ಕೈಗೆ ಕೊಟ್ಟಳು. ಒಣಗಿಸುವ ಅಂಗಳದಲ್ಲಿ ದುಡಿಯುತ್ತಿದ್ದ ತಂಗಿ ಹೆದರಿದಳು. ಫ್ಯಾಕ್ಟರಿಗೆ ಬೀಗ ಬಿದ್ದರೆ ಎಪ್ಪತ್ತು ಹೆಂಗಸರು ಬೀದಿಗೆ. ಕವರನ್ನು ತನ್ನ ಬಟ್ಟೆಪೆಟ್ಟಿಗೆಯ ತಳಕ್ಕೆ ಸೇರಿಸಿ, ಅಂಚೆಗೆ ಹಾಕಿದೆ ಎಂದಳು.

“ಉತ್ತರ ಬಂತೇನೇ?” ಅಕ್ಕ ವಾರಕ್ಕೊಮ್ಮೆ ಕೇಳುವಳು.

“ಸರ್ಕಾರದ ಕೆಲಸ ಅಕ್ಕ, ನಿಧಾನ.”

ಮೊನ್ನೆ ಮಾತು ನಿಂತ ಮೇಲೂ ಅಕ್ಕ ಹುಬ್ಬೆತ್ತಿ ಅದನ್ನೇ ಕೇಳಿದ್ದಳು.

*

ಎಲ್ಲ ಮುಗಿದ ಮೇಲೆ ತಂಗಿ ಕವರನ್ನು ಹೊರತೆಗೆದು ಅಕ್ಕನ ಮಗಳ ಮುಂದೆ ಹಿಡಿದಳು. ಮಗಳು ಓದಿದಳು. ಮೇಲಿನ ತಾರೀಖಿನ ಮೇಲೆ ಬೆರಳಿಟ್ಟಳು.

“ಎರಡು ವರ್ಷ, ಚಿಕ್ಕಮ್ಮ.”

“ಬೈಯೇ. ಬೈದುಬಿಡು.”

“ಬೈಯೋಕೆ ಶಕ್ತಿ ಇಲ್ಲ. ಇದನ್ನ ಈಗ ಕಳಿಸಿ ಫ್ಯಾಕ್ಟರಿ ಮುಚ್ಚಿದ್ರೆ?”

“ಮುಚ್ಚಲಿ. ಆ ಬೂಟು ನೀನು ಹಾಕಬೇಡ.”

ಬೀದಿ ತಿರುವಿನ ಅಂಚೆಡಬ್ಬಿಯ ಬಳಿ ಬಸ್ಸೊಂದು ಅಬ್ಬರಿಸುತ್ತ ನಿಂತಿತ್ತು. ತಂಗಿ ಅದು ಹೊರಟು ಸದ್ದಡಗುವವರೆಗೆ ಕಾದಳು. ಆಮೇಲೆ ಕವರನ್ನು ಒಳಗೆ ಬಿಟ್ಟು, ಬಾಗಿ, ಡಬ್ಬಿಯ ತಗಡಿಗೆ ಕಿವಿಯಿಟ್ಟಳು.