ಹಸಿದ ಹಕ್ಕಿ

ಎರಡನೆಯ ಮಹಾಯುದ್ಧದ ಕಾಲ. ಕೆನಡಾದ ನೋವಾ ಸ್ಕೋಷಿಯಾದ ಕಡಲ ದಂಡೆಯ ವಾಯುಪಡೆ ಸ್ಕ್ವಾಡ್ರನ್ನಿನಲ್ಲಿ, ಜರ್ಮನ್ ಸಬ್‌ಮರೀನ್ ಹುಡುಕಲು ಹೊರಡುವ ಪ್ರತಿ ವಿಮಾನಕ್ಕೂ ವರ್ನಾ ಹಿಲ್ಟ್ಸ್ ಒಂದು ಪಾರಿವಾಳದ ಬುಟ್ಟಿ ಕೊಡುತ್ತಿದ್ದಳು. ವಿಮಾನ ನೀರಿಗೆ ಬಿದ್ದು ರೇಡಿಯೋ ಕೈಕೊಟ್ಟರೆ ಆ ಹಕ್ಕಿಯೇ ದಿಕ್ಕು. ಅದನ್ನು ಹಸಿದ ಹೊಟ್ಟೆಯಲ್ಲೇ ಹಾರಿಬಿಡಬೇಕು. ಗೂಡಿನ ಕಾಳಿನ ಆಸೆಗೆ ನೆಟ್ಟಗೆ ಮನೆಗೆ ಬರುತ್ತದೆ. ಹೊಟ್ಟೆ ತುಂಬಿದ್ದರೆ ಎಲ್ಲೋ ಕುಳಿತು ಗರಿ ತೀಡಿಕೊಳ್ಳುತ್ತದೆ. ಹೇಳಿ ಹೇಳಿ ವರ್ನಾಳ ಗಂಟಲು ಒಣಗಿತ್ತು. ಹುಡುಗರು ಕೇಳಿದರೆ ತಾನೆ!

"ಕಲ್ಲು ಮನಸ್ಸು ಕಣೇ ನಿಂದು," ಎಂದು ಛೇಡಿಸುತ್ತಿದ್ದ ವಿಮಾನದಲ್ಲಿ ಬಂದೂಕು ಹಿಡಿಯುವ ಗನ್ನರ್ ವೆಂಡೆಲ್. "ಮದ್ವೆ ಆದ್ಮೇಲೆ ನನ್ನನ್ನೂ ಹೀಗೇ ಉಪವಾಸ ಕೆಡವ್ತೀಯಾ?"

"ಬೇಗ ಮನೆಗೆ ಬರೋದಾದ್ರೆ ಕೆಡವ್ತೀನಿ."

ನವೆಂಬರಿನಲ್ಲಿ ಅವನ ವಿಮಾನ ಮರಳಲಿಲ್ಲ. ಉಳಿದ ವಿಮಾನದವರು ಮಂಜಿನಲ್ಲೇ ಎಲ್ಲೆಲ್ಲೋ ಹುಡುಕಿದರು. ಮೂರನೆಯ ದಿನ ಪಾರಿವಾಳ ಬಂತು, ಒಂದು ಗರಿಯೂ ಕೆದರದೆ. ಕಾಲಿನ ಚೀಟಿಯಲ್ಲಿ ಬಿದ್ದ ಜಾಗವಿತ್ತು. ವಿಮಾನದಲ್ಲಿದ್ದ ಐವರೂ ರಬ್ಬರ್ ದೋಣಿಯಲ್ಲಿ ಜೀವಂತ. ಕೆಳಗೆ ವೆಂಡೆಲ್‌ನ ಕೈಬರಹ: "ವರ್ನಾಗೆ ಹೇಳಿ, ಹಕ್ಕಿ ಪಾಪ ನಡುಗ್ತಿತ್ತು. ನಮ್ಮ ಬಿಸ್ಕತ್ತೆಲ್ಲ ಅದಕ್ಕೇ ಹಾಕಿದ್ದೀವಿ."

ಹೇಳಿದ ಜಾಗದ ಹತ್ತಿರವೇ ದೋಣಿ ಸಿಕ್ಕಿತು. ಐವರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಚಳಿಗೆ ಸೆಟೆದುಹೋಗಿದ್ದರು. ಹಿಂದಿನ ಸಂಜೆಯವರೆಗೂ ಉಸಿರಿದ್ದಿರಬೇಕು ಎಂದರು ಡಾಕ್ಟರು. ಅಷ್ಟು ಹೊತ್ತೂ ಹಕ್ಕಿ ದಂಡೆಯ ದೀಪಸ್ತಂಭದ ಛಾವಣಿಯ ಮೇಲೆ ಕುಳಿತಿತ್ತೆಂದು ಅಲ್ಲಿನ ಕಾವಲುಗಾರ ಆಮೇಲೆ ತಿಳಿಸಿದ. ವರ್ನಾಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಂಥ ಒಳ್ಳೆಯವನಾಗು ಎಂದು ಅವನಿಗೆ ಯಾರು ಹೇಳಿದ್ದರು?

ಸ್ಕ್ವಾಡ್ರನ್ನಿನ ಇತಿಹಾಸ ಬರೆಯುತ್ತಿದ್ದ ಕೋರ್ಕಮ್ ಸಾಹೇಬರು ಗೂಡಿನ ತನಕ ಬಂದರು. "ಹಕ್ಕಿ ಬಿರುಗಾಳಿಗೆ ಎದೆಕೊಟ್ಟು ಬಂತು ಅಂತ ಬರೀತೀನಮ್ಮ. ಆ ಹುಡುಗರ ತಾಯಂದಿರು ಓದ್ತಾರೆ. ಬಿಸ್ಕತ್ತಿನ ಮಾತು ಬೇಡ. ವೆಂಡೆಲ್ ಹೆಸರಿಗೂ ಮಸಿ ಬೇಡ."

ವರ್ನಾ ಆಗಲಿ ಎಂದು ತಲೆಯಾಡಿಸಿದಳು. ತಾಯಂದಿರಿಗೆ ಅಷ್ಟಾದರೂ ಇರಲಿ. ಆದರೆ ನಾಳೆಯೂ ವಿಮಾನ ಹಾರುತ್ತದಲ್ಲ!

ಬೆಳಿಗ್ಗೆ ಬುಟ್ಟಿಗೆಂದು ಬಂದ ಹೊಸ ಗನ್ನರ್ ಒಳಗೆ ಇಣುಕಿದ. "ಏನಕ್ಕಾ, ಮಹಾರಾಣಿಗೆ ತಿಂಡಿ ಆಗಿಲ್ವಾ?"

"ತಿನ್ನಿಸ್ಬೇಡ. ವೆಂಡೆಲ್ ಅಂತ ಒಬ್ಬ ತಿನ್ನಿಸ್ದ. ಐದು ಜನ ಸತ್ರು. ನಾನು ಅವನನ್ನ ಮದ್ವೆ ಆಗ್ಬೇಕಿತ್ತು."

ಗನ್ನರ್ ಜೇಬಿನಿಂದ ಬಿಸ್ಕತ್ತು ತೆಗೆದು ಮೇಜಿನ ಮೇಲಿಟ್ಟ. ವರ್ನಾ ಮುಂದಿನ ವಿಮಾನದವನನ್ನು ಕರೆದು, ಆ ಮಾತನ್ನೇ ಮೊದಲಿನಿಂದ ಹೇಳಿದಳು.